ಮಗುವನ್ನು ಕರೆತರುವುದೋ, ಮನೆಯನ್ನು ನಿಲ್ಲಿಸುವುದೋ?

ವಾಕ್ಯಭಾಗ: 2 ಅರಸುಗಳು 4:1–7, ಯಾಕೋಬ 1:27

 

ಈ ದಿನ ನಿಮ್ಮ ಮುಂದೆ ಒಂದು ಪ್ರಶ್ನೆ ಇಡಬೇಕು ಅಂತ ಇದ್ದೀನಿ. ಬಡ ಮಗುವಿಗೆ ಸಹಾಯ ಮಾಡಬೇಕಾ ಬೇಡವಾ ಅಂತ ನಾನು ಕೇಳ್ತಾ ಇಲ್ಲ. ಅದಕ್ಕೆ ದೇವರ ವಾಕ್ಯ ಯಾವತ್ತೋ ಉತ್ತರ ಕೊಟ್ಟಾಗಿದೆ. ನನ್ನ ಪ್ರಶ್ನೆ ಇದು: ನಾವು ಸಹಾಯ ಮಾಡಿ ಬಂದ ಮೇಲೆ ಆ ಮಗುವಿನ ಹತ್ತಿರ ಏನೇನು ಉಳಿದಿರಬೇಕು? ಹೊಟ್ಟೆಗೆ ಊಟ, ಮೈಗೆ ಬಟ್ಟೆ ಸಿಕ್ಕಿ, ಅದರ ಬದಲಿಗೆ ತಾಯಿ, ಅಜ್ಜಿ, ಊರು ಎಲ್ಲ ಕೈತಪ್ಪಿ ಹೋದರೆ, ಅದನ್ನ ಕ್ರಿಸ್ತನ ಪ್ರೀತಿ ಅನ್ನಬಹುದಾ?

ಈ ಪ್ರಶ್ನೆ ಸುಮ್ಮನೆ ಎದ್ದದ್ದಲ್ಲ. ನಮ್ಮ ಸಭೆಯಿಂದ ನಾವು 6 ಜನ ಉಗಾಂಡ ದೇಶಕ್ಕೆ ಹೋಗಿ ಬಂದದ್ದು ನಿಮಗೆಲ್ಲ ಗೊತ್ತು. ನೀವೇ ಪ್ರಾರ್ಥನೆ ಮಾಡಿ, ಕಾಣಿಕೆ ಕೊಟ್ಟು ಕಳಿಸಿದವರು. ಬಂದಾಗಿನಿಂದ ಸಿಕ್ಕವರೆಲ್ಲ ಕೇಳೋದು ಒಂದೇ ಮಾತು, "ಬ್ರದರ್, ಅಲ್ಲಿ ಅನಾಥಾಶ್ರಮ ಯಾವಾಗ ಶುರು ಮಾಡ್ತೀವಿ?" 40 ಮಕ್ಕಳು ಉಳಿದುಕೊಳ್ಳುವಂಥ ಕಟ್ಟಡಕ್ಕೆ ಹಣ ಕೊಡ್ತೀನಿ ಅಂತ ನಮ್ಮ ವಿಶ್ವಾಸಿಗಳೊಬ್ಬರು ಮಾತು ಕೊಟ್ಟಿದ್ದಾರೆ. ಅವರ ಮನಸ್ಸು ಒಳ್ಳೇದು, ಕರ್ತನು ಅವರನ್ನು ಆಶೀರ್ವದಿಸಲಿ. ಮುಂದಿನ ತಿಂಗಳು ಕಮಿಟಿ ಕೂತು ತೀರ್ಮಾನ ಮಾಡಬೇಕು. ಅದಕ್ಕೆ ಮುಂಚೆ ನಾವೆಲ್ಲರೂ ವಾಕ್ಯದ ಮುಂದೆ ಕೂತುಕೊಳ್ಳೋಣ.

ಮೊದಲು ಆರಾಧನೆಯಿಂದ ಪ್ರಾರಂಭ ಮಾಡ್ತೀನಿ. ಯಾಕಂದ್ರೆ ಅಲ್ಲಿ ನಾವು ಮೊದಲು ನೋಡಿದ್ದು ಬಡತನ ಅಲ್ಲ, ಆರಾಧನೆ.

ಉಗಾಂಡದ ರಾಜಧಾನಿ ಕಂಪಾಲ. ಅಲ್ಲಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಜಿಂಜಾ ಅನ್ನೋ ಪಟ್ಟಣ ಸಿಗುತ್ತೆ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡೋದು ಅಲ್ಲೇ. ದಾರಿಯುದ್ದಕ್ಕೂ ಕಬ್ಬಿನ ತೋಟ. ಮಂಡ್ಯ ಕಡೆಯವನಾದ ನನಗೆ ವ್ಯಾನಿನ ಕಿಟಕಿಯಿಂದ ನೋಡ್ತಾ ಇದ್ರೆ ನಮ್ಮೂರಿನ ದಾರೀಲೇ ಹೋಗ್ತಾ ಇದ್ದೀನೇನೋ ಅನ್ನಿಸ್ತು. ಜಿಂಜಾದಿಂದ ಒಳಗೆ, ಕೆಂಪು ಮಣ್ಣಿನ ರಸ್ತೇಲಿ ಹೋದ ಮೇಲೆ ಒಂದು ಹಳ್ಳಿ. ಅಲ್ಲಿ ತಗಡಿನ ಚಾವಣಿಯ ಒಂದು ಸಭೆ.

ಭಾನುವಾರ ಬೆಳಿಗ್ಗೆ 9 ಗಂಟೆಗೆ ಶುರುವಾದ ಆರಾಧನೆ ಮುಗಿದದ್ದು ಮಧ್ಯಾಹ್ನ 2 ಗಂಟೆಗೆ. ಯಾರೂ ಗಡಿಯಾರ ನೋಡಲಿಲ್ಲ. ಹೆಂಗಸರು ಭುಜದ ಹತ್ತಿರ ಮೊನಚಾಗಿ ನಿಲ್ಲುವ ತೋಳಿನ, ನಡುವಿಗೆ ಅಗಲವಾದ ಪಟ್ಟಿ ಕಟ್ಟಿದ ಗೊಮೆಸಿ ಅನ್ನೋ ಉಡುಪು ಉಟ್ಟು ಬಂದಿದ್ರು. "ಮುಕಾಮಾ ಯೆಬಾಜಿಬ್ವೆ" ಅಂತ ಒಬ್ಬರು ಅಂದ್ರೆ ಇಡೀ ಸಭೆ "ಅಮೀನಾ" ಅನ್ನುತ್ತೆ. ನಮ್ಮ "ಕರ್ತನಿಗೆ ಸ್ತೋತ್ರ" ಇದ್ದ ಹಾಗೆ. ಕಾಣಿಕೆಯ ಸಮಯದಲ್ಲಿ ಒಬ್ಬ ತಾಯಿ ಕೋಳಿ ತಂದರು, ಇನ್ನೊಬ್ಬರು ಬಾಳೆಗೊನೆ, ಒಬ್ಬ ಅಜ್ಜಿ ಸೆರಗಿನ ತುದೀಲಿ ಕಟ್ಟಿಕೊಂಡು 4 ಮೊಟ್ಟೆ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಸಭೆಯವರೇ ಹರಾಜು ಕೂಗಿ ಕೊಂಡ್ರು. ಆ ಹಣ ಸಭೆಯ ಖಜಾನೆಗೆ. ನಮ್ಮ ಸುಗ್ಗಿ ಕಾಣಿಕೆಯ ಹಬ್ಬ ಜ್ಞಾಪಕಕ್ಕೆ ಬಂತು.

ಇವರಿಗೆ ದೇವರನ್ನ ನಾವು ಹೊಸದಾಗಿ ಪರಿಚಯ ಮಾಡಿಸಬೇಕಾಗಿರಲಿಲ್ಲ. ಉಗಾಂಡಕ್ಕೆ ಮೊದಲ ಮಿಷನರಿಗಳು ಬಂದದ್ದು 1877ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ, 1886ರಲ್ಲಿ, ನಮುಗೊಂಗೊ ಅನ್ನುವ ಸ್ಥಳದಲ್ಲಿ ಅರಮನೆಯ ಯುವ ಸೇವಕರನ್ನು ನಂಬಿಕೆಗೋಸ್ಕರ ಜೀವಂತವಾಗಿ ಸುಟ್ಟರು. ಇವತ್ತಿಗೂ ಜೂನ್ 3ನೇ ತಾರೀಕು ಲಕ್ಷಾಂತರ ಜನ ಅಲ್ಲಿಗೆ ಹೋಗ್ತಾರೆ, ಎಷ್ಟೋ ಜನ ನಡೆದುಕೊಂಡೇ. 1929ರಲ್ಲಿ ಕಂಪಾಲದಲ್ಲಿ ಸಿಮಿಯೋನಿ ನ್ಸಿಬಾಂಬಿ ಅನ್ನುವ ಉಗಾಂಡದ ಸಹೋದರರೂ ಜೋ ಚರ್ಚ್ ಅನ್ನುವ ಇಂಗ್ಲಿಷ್ ಮಿಷನರಿ ಡಾಕ್ಟರೂ ಒಟ್ಟಿಗೆ ಬೈಬಲ್ ತೆರೆದು, ಒಟ್ಟಿಗೆ ಮೊಣಕಾಲೂರಿದರು. ಪೂರ್ವ ಆಫ್ರಿಕಾದಲ್ಲೆಲ್ಲ ಹಬ್ಬಿದ ಉಜ್ಜೀವನದ ಇತಿಹಾಸ ಹೇಳುವವರು ಆ ಪ್ರಾರ್ಥನೆಯನ್ನ ಬಿಟ್ಟು ಹೇಳೋದಿಲ್ಲ. ಒಬ್ಬ ಬಿಳಿಯ, ಒಬ್ಬ ಕರಿಯ. ಕೊಡುವವನು ಯಾರು, ತಗೊಳ್ಳುವವನು ಯಾರು ಅಂತ ಆ ಪ್ರಾರ್ಥನೆಯಲ್ಲಿ ಲೆಕ್ಕ ಇರಲಿಲ್ಲ.

ಇನ್ನೊಂದು ಮಾತು ಹೇಳ್ತೀನಿ, ಆಶ್ಚರ್ಯಪಡ್ತೀರ. ಆ ಸಭೆಯ ಹಿರಿಯರೊಬ್ಬರ ಮನೇಲಿ ನಮಗೆ ರಾಗಿ ಗಂಜಿ ಕೊಟ್ರು. ನಮ್ಮ ತಂಡದ ಒಬ್ಬ ತಮ್ಮ, "ಅಣ್ಣ, ಇವರಿಗೂ ನಮ್ಮ ರಾಗಿ ಗೊತ್ತಾ?" ಅಂದ. ನಿಜ ಏನಪ್ಪ ಅಂದ್ರೆ, ರಾಗಿ ಅವರದ್ದು. ಉಗಾಂಡದಿಂದ ಇಥಿಯೋಪಿಯದವರೆಗಿನ ಎತ್ತರದ ನಾಡಿನಲ್ಲಿ ಮೊದಲು ಬೆಳೆದ ಧಾನ್ಯ ಅದು. ಸಾವಿರಾರು ವರ್ಷಗಳ ಹಿಂದೆ ನಮ್ಮ ದೇಶಕ್ಕೆ ಬಂತು ಅಂತ ಬೆಳೆಗಳ ಚರಿತ್ರೆ ಓದಿದವರು ಹೇಳ್ತಾರೆ. ನಮ್ಮ ಅಜ್ಜ, ಮುತ್ತಜ್ಜಂದಿರು ಮುದ್ದೆ ಉಂಡು ಬದುಕಿದ್ದು ಆಫ್ರಿಕಾದ ಯಾರೋ ರೈತ ಮೊದಲು ಬಿತ್ತಿದ ಬೀಜದಿಂದ. "ಆಫ್ರಿಕಾಕ್ಕೆ ಸಹಾಯ ಮಾಡ್ತೀವಿ" ಅಂತ ಹೊರಡುವ ಮುಂಚೆ ನಾವು ಈಗಾಗಲೇ ಅವರ ಋಣದಲ್ಲಿದ್ದೀವಿ ಅನ್ನೋದು ತಿಳಿದಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಆ ಆರಾಧನೆಯಲ್ಲಿ ಒಬ್ಬ ಹುಡುಗ ಡೋಲು ಬಾರಿಸ್ತಾ ಇದ್ದ. ಹತ್ತು ವರ್ಷ ಇರಬಹುದು. ಅವನ ಅಂಗಿಗೆ ಎರಡೇ ಗುಂಡಿ. ಆದರೆ ಅವನು ಕೈ ಎತ್ತಿದ್ರೆ ಇಡೀ ಸಭೆ ಎದ್ದು ನಿಲ್ತಿತ್ತು, ಅವನು ನಿಧಾನ ಮಾಡಿದ್ರೆ ಎಲ್ಲರೂ ಕಣ್ಣುಮುಚ್ಚಿ ಪ್ರಾರ್ಥನೆಗೆ ಇಳೀತಿದ್ರು. ನಾವು 6 ಜನ ದೊಡ್ಡವರು ಅವನ ತಾಳಕ್ಕೆ ಚಪ್ಪಾಳೆ ತಟ್ಟೋಕೆ ಒದ್ದಾಡ್ತಾ ಇದ್ವಿ. ಅವನು ನಮ್ಮನ್ನ ನೋಡಿ ನಗ್ತಾ ಇದ್ದ. ಆ 5 ಗಂಟೆ ಅವನು ನಮ್ಮನ್ನ ದೇವರ ಸನ್ನಿಧಿಗೆ ನಡೆಸಿದ.

ಆರಾಧನೆ ಮುಗೀತು. ನಾವು ತಂದಿದ್ದ ಬಿಸ್ಕತ್ತು, ನೋಟ್‌ಬುಕ್ಕು, ಪೆನ್ಸಿಲ್ ಹಂಚಬೇಕು. ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರು. ಅದೇ ಹುಡುಗ ಸಾಲಿನಲ್ಲಿ ಬಂದ. ತಲೆ ತಗ್ಗಿಸಿ, ಅವರ ಪದ್ಧತಿಯಂತೆ ಮೊಣಕಾಲೂರಿ, ಎರಡೂ ಕೈ ಚಾಚಿದ. ಯಾರೋ ಫೋಟೋ ತೆಗೆದ್ರು. ಆ ಫೋಟೋ ನೋಡಿದವರು ಯಾರೂ ಇವನು ಡೋಲು ಬಾರಿಸಿ ನೂರಾರು ಜನರನ್ನ ಆರಾಧನೆಯಲ್ಲಿ ನಡೆಸಿದವನು ಅನ್ನೋದಿಲ್ಲ. "ಪಾಪ, ಬಡ ಮಗು" ಅಂತಾರೆ.

ಅರ್ಧ ಗಂಟೆಯಲ್ಲಿ ಆ ಹುಡುಗ ಬದಲಾಗಿದ್ನಾ? ಇಲ್ಲ. ಅದೇ ಅಂಗಿ, ಅವೇ ಎರಡು ಗುಂಡಿ. ಅವನನ್ನ ನಿಲ್ಲಿಸಿದ ಜಾಗ ಬದಲಾಗಿತ್ತು. ಆರಾಧನೆಯಲ್ಲಿ ಅವನಿಗೆ ಕೊಡೋದಕ್ಕೆ ಏನೋ ಇತ್ತು. ಸಾಲಿನಲ್ಲಿ ಅವನಿಗೆ ತಗೊಳ್ಳೋದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ದೇವಜನರೇ, ಬಿಸ್ಕತ್ತು ಕೊಡೋದು ಪಾಪ ಅಂತ ನಾನು ಹೇಳ್ತಿಲ್ಲ. ಹಸಿದ ಮಗುವಿಗೆ ತಿನ್ನೋಕೆ ಕೊಡಲೇಬೇಕು. ಆದರೆ ಒಬ್ಬ ಮನುಷ್ಯನನ್ನ ಬರೀ ಚಾಚಿದ ಕೈಯಾಗಿ ಮಾಡುವ ಸಹಾಯ ಇನ್ನೂ ಪೂರ್ತಿ ಪ್ರೀತಿ ಆಗಿಲ್ಲ. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಅಂತ ಕರ್ತನು ಯಾಕೆ ಹೇಳಿದ್ದು? ಕೊಡುವವನ ಹೆಮ್ಮೆ ಮುರಿಯೋಕೆ ಅಂತ ಸಾಮಾನ್ಯವಾಗಿ ಹೇಳ್ತೀವಿ. ಅದು ಸರಿ. ತಗೊಳ್ಳುವವನ ಮುಖ ಉಳಿಸೋಕೂ ಹೌದು ಅಂತ ನನಗೆ ತೋರುತ್ತೆ.

ಆ ಹುಡುಗನ ಮನೆ ಎಲ್ಲಿ ಅಂತ ಮಾರನೇ ದಿನ ಅಲ್ಲಿನ ಪಾಸ್ಟರ್ ಜೊತೆ ಹೋದೆವು. ತಂದೆ ತೀರಿಕೊಂಡಿದ್ದಾರೆ. ತಾಯಿ ಕಂಪಾಲದಲ್ಲಿ ಮನೆಗೆಲಸಕ್ಕೆ ಇದ್ದಾರೆ. ಅವನನ್ನೂ ಅವನ ಇಬ್ಬರು ತಂಗಿಯರನ್ನೂ ಸಾಕ್ತಾ ಇರೋದು ಅಜ್ಜಿ. ಅಲ್ಲಿ ಅಜ್ಜಿಗೆ "ಜಾಜಾ" ಅಂತಾರೆ. ಭಾನುವಾರ ಸೆರಗಿನಲ್ಲಿ 4 ಮೊಟ್ಟೆ ಕಟ್ಟಿಕೊಂಡು ಬಂದಿದ್ದವರು ಅವರೇ.

ನಮ್ಮ ಅರ್ಜಿ ಫಾರಂನಲ್ಲಿ ಬರೆಯೋದಾದ್ರೆ ಆ ಹುಡುಗ "ಅನಾಥ". ಯುನಿಸೆಫ್ ಲೆಕ್ಕದಲ್ಲೂ ತಂದೆ ತಾಯಿಯರಲ್ಲಿ ಒಬ್ಬರನ್ನ ಕಳೆದುಕೊಂಡ ಮಗುವನ್ನು ಅನಾಥ ಮಗು ಅಂತಲೇ ಎಣಿಸ್ತಾರೆ. ಅದಕ್ಕೇ ಆಫ್ರಿಕಾದಲ್ಲಿ ಇಷ್ಟು ಲಕ್ಷ ಅನಾಥರು ಅಂತ ಕೇಳಿದಾಗ ಬೀದೀಲಿ ಒಂಟಿಯಾಗಿ ನಿಂತ ಮಗು ನಮ್ಮ ಕಣ್ಣ ಮುಂದೆ ಬರುತ್ತೆ. ಏಡ್ಸ್ ರೋಗ ಉಗಾಂಡದ ಎಷ್ಟೋ ಮನೆಗಳ ತಂದೆ ತಾಯಿಯರನ್ನ ಕೊಂಡೊಯ್ದದ್ದು ನಿಜ. ಆದರೆ ಆ ಮಕ್ಕಳಲ್ಲಿ ಹೆಚ್ಚಿನವರನ್ನ ಸಾಕಿದ್ದು ಕಟ್ಟಡಗಳಲ್ಲ. ಅಜ್ಜಿಯರು, ಚಿಕ್ಕಮ್ಮಂದಿರು, ಸೋದರಮಾವಂದಿರು. ಅನಾಥಾಶ್ರಮಗಳ ಕಥೆಯೇ ಬೇರೆ. ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಕೊಟ್ಟ ವರದಿಯಲ್ಲಿ, ಲೋಕದ ಇಂಥ ಆಶ್ರಮಗಳಲ್ಲಿರುವ 5 ಮಕ್ಕಳಲ್ಲಿ 4 ಮಕ್ಕಳಿಗಾದರೂ ತಂದೆಯೋ ತಾಯಿಯೋ ಬದುಕಿದ್ದಾರೆ ಅಂತ ಹೇಳಿದೆ. ಹಾಗಾದ್ರೆ ಮಕ್ಕಳು ಅಲ್ಲಿಗೆ ಯಾಕೆ ಬಂದ್ರು? ಬಹಳ ಮಟ್ಟಿಗೆ ಬಡತನದಿಂದ. ಆಶ್ರಮದಲ್ಲಿ ಊಟ ಇದೆ, ಸ್ಕೂಲಿದೆ, ಮನೇಲಿ ಅದಿಲ್ಲ. ತಾಯಿ ಮಗುವನ್ನ ಬಿಟ್ಟುಕೊಡೋದು ಪ್ರೀತಿ ಇಲ್ಲದೆ ಅಲ್ಲ, ಪ್ರೀತಿ ಇದ್ದೇ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕೂಡ ಮಕ್ಕಳು ಬಡತನದ ಕಾರಣಕ್ಕೆ ಕುಟುಂಬದಿಂದ ಅಗಲಬಾರದು ಅಂತ ನಿರ್ಣಯ ಮಾಡಿತು.

ಈಗ ಬೈಬಲ್ ತೆಗೆಯಿರಿ. ಯಾಕೋಬನು ಶುದ್ಧವಾದ ಭಕ್ತಿ ಯಾವುದು ಅಂತ ಹೇಳುವಾಗ ಅನಾಥರನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೇಳ್ತಾನೆ. ಹಳೇ ಒಡಂಬಡಿಕೆಯಲ್ಲೂ ಹಾಗೇ, ಎರಡು ಮಾತು ಜೋಡಿಯಾಗೇ ಬರ್ತಾವೆ. ಯಾಕೆ? ಇಬ್ರಿಯ ಭಾಷೆಯಲ್ಲಿ ಆ ಮಾತು ಹೆಚ್ಚಾಗಿ ತಂದೆ ಇಲ್ಲದ ಮಗುವನ್ನು ಸೂಚಿಸುತ್ತೆ. ತಂದೆ ಹೋದ ಮನೆಯಲ್ಲಿ ಆ ಮಗು ಅನಾಥ, ಅದರ ತಾಯಿ ವಿಧವೆ. ಇಬ್ಬರೂ ಇರೋದು ಒಂದೇ ಮನೇಲಿ! ನಾವೋ, ಯಾಕೋಬನ ಆ ವಾಕ್ಯವನ್ನ ಕತ್ತರಿಸಿ, ಮಕ್ಕಳಿಗೆ ಒಂದು ಹಾಸ್ಟೆಲ್ ಕಟ್ಟಿ, ವಿಧವೆಗೆ ವರ್ಷಕ್ಕೊಂದು ಸೀರೆ ಕೊಟ್ಟು ಕಳಿಸ್ತೀವಿ. ಅವನು ಅವರ ಸಂಕಟದಲ್ಲಿ ಅವರ ಹತ್ತಿರ ಹೋಗಿ ನೋಡಿಕೊಳ್ಳಿ ಅಂದದ್ದು. ನಾವು ಹೋಗಬೇಕಾದ್ದು ಅವರ ಮನೆಗೆ.

ಎಲೀಷನ ಹತ್ತಿರ ಬಂದ ವಿಧವೆಯನ್ನು ನೋಡಿ. ಗಂಡ ಪ್ರವಾದಿಮಂಡಲಿಯವನು, ತೀರಿಕೊಂಡಿದ್ದಾನೆ. ಸಾಲಗಾರ ಅವಳ ಇಬ್ಬರು ಮಕ್ಕಳನ್ನ ದಾಸರಾಗಿ ಒಯ್ಯೋಕೆ ಬಂದಿದ್ದಾನೆ. ಎಲೀಷ ಏನು ಬೇಕಾದ್ರೂ ಮಾಡಬಹುದಿತ್ತು. "ಮಕ್ಕಳನ್ನ ನನ್ನ ಹತ್ತಿರ ಬಿಡಮ್ಮ, ಪ್ರವಾದಿಗಳ ಜೊತೆ ಬೆಳೀತಾರೆ" ಅನ್ನಬಹುದಿತ್ತು. ಅವನು ಎರಡು ಪ್ರಶ್ನೆ ಕೇಳಿದ. ನಿನಗೋಸ್ಕರ ನಾನೇನು ಮಾಡಲಿ? ನಿನ್ನ ಮನೆಯಲ್ಲಿ ಏನಿದೆ?

ಮೊದಲನೇ ಪ್ರಶ್ನೆ ಅವಳ ಬಾಯಿಗೆ ಮಾತು ಕೊಡ್ತು. ಕುರುಡನಾದ ಬಾರ್ತಿಮಾಯನಿಗೂ ಯೇಸು ಇದನ್ನೇ ಕೇಳಿದ್ದು. ಕಣ್ಣಿಲ್ಲದವನಿಗೆ ಕಣ್ಣು ಬೇಕು ಅಂತ ಕರ್ತನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ ಕೇಳಿದ. ಎರಡನೇ ಪ್ರಶ್ನೆ ಅವಳ ಹತ್ತಿರ ಏನೋ ಇದೆ ಅಂತ ನಂಬಿ ಕೇಳಿದ್ದು. ಒಂದು ಮೊಗೆ ಎಣ್ಣೆ ಇತ್ತು, ಅಷ್ಟೇ. ಅದ್ಭುತ ಅಲ್ಲಿಂದ ಶುರುವಾಯ್ತು. ನೆರೆಹೊರೆಯವರು ಪಾತ್ರೆ ಕೊಟ್ರು, ಮಕ್ಕಳು ಪಾತ್ರೆ ತಂದುಕೊಟ್ರು, ತಾಯಿ ಹೊಯ್ದಳು. ಅದೂ ಬಾಗಿಲು ಮುಚ್ಚಿಕೊಂಡು. ನಮ್ಮ ಕಾಲ ಆಗಿದ್ರೆ ಆ ಬಾಗಿಲು ತೆಗೆಸಿ ಫೇಸ್‌ಬುಕ್ ಲೈವ್ ಮಾಡ್ತಿದ್ವಿ. ಕೊನೆಗೆ ಸಾಲ ತೀರಿತು, ಉಳಿದದ್ದರಲ್ಲಿ ತಾಯಿ ಮಕ್ಕಳು ಅದೇ ಮನೇಲಿ ಬದುಕಿದ್ರು. ಆ ಎಣ್ಣೆಯ ಅದ್ಭುತ ಒಂದು ಕುಟುಂಬವನ್ನ ಉಳಿಸಿತು. ಹಲ್ಲೆಲೂಯ!

ಜಿಂಜಾದಲ್ಲಿ ನೈಲ್ ನದಿ ನೋಡುವಾಗ ನನಗೆ ವಿಮೋಚನಕಾಂಡ 2ನೇ ಅಧ್ಯಾಯ ನೆನಪಾಯ್ತು. ಅದೇ ನದಿ ಕೆಳಗೆ ಐಗುಪ್ತದಲ್ಲಿ ಹರಿಯುವಾಗ ಅದರ ಜಂಬುಹುಲ್ಲಿನಲ್ಲಿ ಮೋಶೆಯ ಪೆಟ್ಟಿಗೆ ಇತ್ತು. ಫರೋಹನ ಮಗಳಿಗೆ ಕನಿಕರ ಬಂತು. ದೇವರು ಆ ಕನಿಕರವನ್ನು ಎಲ್ಲಿಗೆ ನಡೆಸಿದ ನೋಡಿ: ಮಗು ತಿರುಗಿ ಹೆತ್ತ ತಾಯಿಯ ಮಡಿಲಿಗೇ ಹೋಯ್ತು, ಸಾಕುವ ಸಂಬಳವೂ ತಾಯಿಗೇ ಸಿಕ್ತು. ಅರಮನೆಯ ದುಡ್ಡು ಮಗುವಿನ ಮನೆಗೆ ಬಂತು.

ಇದನ್ನೆಲ್ಲ ಹೇಳೋಕೆ ನನಗೊಂದು ಸ್ವಂತ ಕಾರಣವೂ ಇದೆ. ನನ್ನ ತಂದೆ ತೀರಿಕೊಂಡಾಗ ನನಗೆ 7 ವರ್ಷ. ಅಮ್ಮ ಕಬ್ಬು ಕಡಿಯೋ ಕೂಲಿ ಮಾಡ್ತಿದ್ರು. ನನ್ನನ್ನ ದೂರದ ಒಂದು ಹಾಸ್ಟೆಲಿಗೆ ಸೇರಿಸಿದ್ರು. ಅಲ್ಲಿ 3 ಹೊತ್ತು ಊಟ ಇತ್ತು, ಓದು ಸಿಕ್ತು, ಕರ್ತನ ಪರಿಚಯ ಆಯ್ತು. ನಾನು ಇವತ್ತು ಈ ಜಾಗದಲ್ಲಿ ನಿಂತಿರೋದಕ್ಕೆ ಅದೂ ಒಂದು ಕಾರಣ, ಅದನ್ನ ಮರೆಯೋದಿಲ್ಲ. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಬೋರ್ಡಿನ ಮೇಲೆ ಬರೆದದ್ದನ್ನ ನೋಡಿ ಹೊರದೇಶದ ದಾನಿಗಳಿಗೆ ಕಾಗದ ಬರೀತಿದ್ವಿ, ಒಂದು ಫೋಟೋ ಅಂಟಿಸ್ತಿದ್ವಿ. ಆ ಕಾಗದದಲ್ಲಿ ಊಟದ ವಿಷಯ ಇರ್ತಿತ್ತು, ಬಟ್ಟೆಯ ವಿಷಯ ಇರ್ತಿತ್ತು. ಅಮ್ಮನ ವಿಷಯ ಒಂದು ವರ್ಷವೂ ಇರಲಿಲ್ಲ. ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಮನೆಗೆ ಹೋದಾಗ ಒಂದು ರಾತ್ರಿ ಅಮ್ಮ ಕೇಳಿದ್ರು, "ನಿನಗೇಂತ ಅವ್ರು ಎಷ್ಟು ದುಡ್ಡು ಕಳುಸ್ತಿದ್ರು ಮಗ?" ನನಗೆ ಗೊತ್ತಿದ್ದಷ್ಟು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ರಲ್ಲಿ ಅರ್ಧ ಮನೆಗೆ ಬಂದಿದ್ರೂ ನಿನ್ನ ನಾನೇ ಸಾಕ್ತಿದ್ನಲ್ಲಪ್ಪ" ಅಂದ್ರು. ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಲೆಕ್ಕ ಇತ್ತು. ಆ ಲೆಕ್ಕಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಕೆಲವರು ಕೇಳಬಹುದು, "ಬ್ರದರ್, ನಿಜವಾಗಿ ಯಾರೂ ಇಲ್ಲದ ಮಕ್ಕಳು ಇಲ್ವಾ? ಮನೇಲೇ ಹೊಡೆದು ಬಡಿದು ಹಿಂಸೆ ಕೊಡುವವರು ಇಲ್ವಾ?" ಇದ್ದಾರೆ. ಅಂಥ ಮಗುವಿಗೆ ಬೇರೆ ಆಸರೆ ಬೇಕೇ ಬೇಕು. ಅದನ್ನ ಕೊಡದವನು ಕ್ರೈಸ್ತನೇ ಅಲ್ಲ. ಆದರೆ ಅದು ಕೊನೇ ಬಾಗಿಲಾಗಿರಬೇಕು. ಒಂಟಿಯಾದವರನ್ನು ದೇವರು ಕುಟುಂಬದಲ್ಲಿ ನೆಲೆಗೊಳಿಸ್ತಾನೆ ಅಂತ 68ನೇ ಕೀರ್ತನೆ ಹೇಳುತ್ತೆ. ಮೊದಲು ಹುಡುಕಬೇಕಾದ್ದು ಒಂದು ಕುಟುಂಬವನ್ನೇ.

ಇನ್ನು ಕೆಲವರು, "ಹಣವನ್ನ ಅಜ್ಜಿಯರ ಕೈಗೆ ಕೊಟ್ರೆ ಸರಿಯಾಗಿ ಖರ್ಚಾಗುತ್ತೆ ಅಂತ ಏನು ಗ್ಯಾರಂಟಿ?" ಅಂತಾರೆ. ಆ ಹಳ್ಳಿಯ ಹೆಂಗಸರು ನಮ್ಮ ಸ್ವಸಹಾಯ ಸಂಘದ ಹಾಗೆ ಉಳಿತಾಯದ ಗುಂಪು ಮಾಡಿಕೊಂಡಿದ್ದಾರೆ. ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ 3 ಬೀಗ, 3 ಬೀಗದ ಕೈ 3 ಜನರ ಹತ್ತಿರ. ಮೂವರೂ ಕೂಡಿದ್ರೇ ಪೆಟ್ಟಿಗೆ ತೆಗೆಯೋಕಾಗೋದು. ಎಲ್ಲರ ಮುಂದೆ ಎಣಿಸಿ, ಎಲ್ಲರ ಮುಂದೆ ಮುಚ್ತಾರೆ. ಸತ್ಯ ಹೇಳ್ಲಾ? ನಮ್ಮ ಎಷ್ಟೋ ಸಭೆಗಳ ಕಾಣಿಕೆ ಪೆಟ್ಟಿಗೆಗೆ ಇರೋದು ಒಂದೇ ಬೀಗ.

ಆ ಜಾಜಾಗೆ ನಾವು ಎಲೀಷನ ಪ್ರಶ್ನೆಯನ್ನೇ ಕೇಳಿದೆವು. "ಅಮ್ಮ, ನಾವೇನು ಮಾಡೋಣ?" ಪಾಸ್ಟರ್ ಅವರ ಭಾಷೆಗೆ ತಿರುಗಿಸಿ ಹೇಳಿದ್ರು. ಅಜ್ಜಿ ಯೋಚನೆ ಮಾಡಿ ಹೇಳಿದ್ದು ಮೂರೇ ವಿಷಯ. ಉಗಾಂಡದಲ್ಲಿ 1997ರಿಂದ ಸರಕಾರಿ ಪ್ರಾಥಮಿಕ ಶಾಲೆಗೆ ಫೀಸು ಇಲ್ಲ. ಆದರೆ ಯೂನಿಫಾರಂ, ಪುಸ್ತಕ ಮನೆಯವರೇ ತರಬೇಕು, ಮಧ್ಯಾಹ್ನದ ಊಟಕ್ಕೂ ಮನೆಯವರೇ ಕೊಡಬೇಕು. ನಮ್ಮ ಬಿಸಿಯೂಟದ ಹಾಗೆ ಸರಕಾರವೇ ಹಾಕೋದಿಲ್ಲ. ಅಲ್ಲಿ ಶಾಲೇಲಿ ಪೋಶೋ ಅನ್ನೋ ಮೆಕ್ಕೆಜೋಳದ ಮುದ್ದೆ, ಹುರುಳಿಕಾಯಿ ಬೀಜದ ಸಾರು ಮಾಡ್ತಾರೆ. ದುಡ್ಡು ಕೊಡದ ಮನೆಯ ಮಗು ಹಸಿದುಕೊಂಡೇ ಸಂಜೆವರೆಗೆ ಕೂರಬೇಕು. ಅಜ್ಜಿ ಕೇಳಿದ್ದು ಆ ಊಟದ ದುಡ್ಡು, ಎರಡು ಜೊತೆ ಯೂನಿಫಾರಂ, ಸಾಕೋಕೆ ಒಂದು ಹಂದಿಮರಿ. ನಮ್ಮಲ್ಲೊಬ್ಬರು, "ಮಕ್ಕಳಿಗೆ ಒಳ್ಳೇ ಹಾಸಿಗೆ ಇರೋ ಮನೆ ಕಟ್ಟಿಸಿಕೊಟ್ರೆ ಕಳಿಸ್ತೀರಾ?" ಅಂತ ಕೇಳಿದ್ರು. ಅವರು ಮೊಮ್ಮಗನ ಕಡೆ ನೋಡಿ ಒಂದೇ ಮಾತು ಹೇಳಿದ್ರು. ಪಾಸ್ಟರ್ ಅದನ್ನ ಹೀಗೆ ತಿರುಗಿಸಿದ್ರು: "ಹಾಸಿಗೆ ಇಲ್ಲಿಗೇ ತನ್ನಿ."

ದೇವಜನರೇ, ಕಮಿಟಿಯ ಮುಂದೆ ನಾನು ಇಡುವ ಮಾತು ಇದೇ. 40 ಹಾಸಿಗೆಯ ಕಟ್ಟಡ ಬೇಡ. ಆ ಹಣದಲ್ಲಿ, ಅಲ್ಲಿನ ಸಭೆಯೂ ಆ ಹೆಂಗಸರ ಗುಂಪೂ ಹೇಳುವ ಮನೆಗಳ ಮಕ್ಕಳಿಗೆ ಶಾಲೆಯ ಊಟ, ಬಟ್ಟೆ, ಪುಸ್ತಕ ವರ್ಷ ವರ್ಷ ತಪ್ಪದೆ ಸಿಗಲಿ. ಇದರಲ್ಲಿ ಒಂದು ನಷ್ಟ ಇದೆ, ಮೊದಲೇ ಹೇಳಿಬಿಡ್ತೀನಿ: ನಮ್ಮ ಹೆಸರಿನ ಬೋರ್ಡು ಎಲ್ಲೂ ಇರೋದಿಲ್ಲ. ರಿಬ್ಬನ್ ಕತ್ತರಿಸೋಕೆ ಆಗೋದಿಲ್ಲ. ಊಟ ಮಾಡಿ ಮನೆಗೆ ಓಡಿಹೋಗುವ ಮಗುವಿನ ಹಿಂದೆ ಕಲ್ಲು ನೆಡಿಸೋಕೆ ಆಗಲ್ಲ. ಆ ನಷ್ಟಕ್ಕೆ ನಾವು ಸಿದ್ಧ ಇದ್ದೀವಾ ಅನ್ನೋದರಲ್ಲೇ ನಾವು ಯಾರಿಗೋಸ್ಕರ ಕೊಡ್ತಾ ಇದ್ದೀವಿ ಅಂತ ಗೊತ್ತಾಗುತ್ತೆ.

ಹಾಗಾದ್ರೆ ಇನ್ನು ಅಲ್ಲಿಗೆ ಹೋಗೋದೇ ಬೇಡವಾ, ವಿಮಾನದ ಟಿಕೆಟಿನ ಹಣವನ್ನೂ ಕಳಿಸಿಬಿಡೋಣವಾ? ಹೋಗಬೇಕು, ಆದರೆ ಕಡಿಮೆ ಜನ, ಬೇರೆ ಮನಸ್ಸಿನಿಂದ. ಪೌಲನು ರೋಮಾಪುರದವರಿಗೆ ಬರೆಯುವಾಗ, ಬಂದು ನಿಮ್ಮನ್ನ ದೃಢಪಡಿಸಬೇಕು ಅಂತ ಹೇಳಿ, ಕೂಡಲೇ ನಿಮ್ಮ ನಂಬಿಕೆಯಿಂದ ನನಗೂ ಧೈರ್ಯ ಸಿಗಬೇಕು ಅಂತಾನೆ. ಅಪೊಸ್ತಲನೇ ತಗೊಳ್ಳೋಕೆ ಸಿದ್ಧನಾಗಿದ್ದ. ನಾವೂ ಆ ಡೋಲಿನ ಮುಂದೆ ಕೂರೋಕೆ ಹೋಗೋಣ. ಹಾಗೇ ಅವರಲ್ಲೊಬ್ಬರನ್ನ ಇಲ್ಲಿಗೂ ಕರೆಸೋಣ, ನಮಗೆ ವಾಕ್ಯ ಹೇಳಲಿ.

ಉಗಾಂಡ ದೂರ ಅನ್ನಿಸಿದ್ರೆ, ನಮ್ಮ ಸಭೆಯಲ್ಲೇ ಗಂಡನನ್ನ ಕಳೆದುಕೊಂಡ ಇಬ್ಬರು ಸಹೋದರಿಯರಿದ್ದಾರೆ. ಜೂನ್ ಬಂದ ಕೂಡಲೇ ಮಕ್ಕಳನ್ನ ಎಲ್ಲಿ ಬಿಡೋದು ಅಂತ ಹುಡುಕ್ತಾರೆ. ಈ ವಾರ ಅವರ ಮನೆಗೆ ಹೋಗಿ ಎಲೀಷನ ಎರಡು ಪ್ರಶ್ನೆ ಕೇಳಿ. ಅವರು ಉತ್ತರ ಹೇಳಿ ಮುಗಿಸೋವರೆಗೂ ಕೂತುಕೊಳ್ಳಿ.

ಪ್ರಾರ್ಥನೆ ಮಾಡೋಣ. ದಿಕ್ಕಿಲ್ಲದವರಿಗೆ ತಂದೆಯಾದ ದೇವರೇ, ನಮಗೆ ರಾಗಿ ಕೊಟ್ಟವರಿಗಾಗಿ, ನಮ್ಮನ್ನ ಆರಾಧನೆಯಲ್ಲಿ ನಡೆಸಿದ ಮಗುವಿಗಾಗಿ, 4 ಮೊಟ್ಟೆ ತಂದ ಆ ತಾಯಿಗಾಗಿ ನಿನಗೆ ಸ್ತೋತ್ರ. ನಮ್ಮ ಕಾಣಿಕೆ ಯಾವ ಮನೆಯನ್ನೂ ಒಡೆಯದಿರಲಿ. ಕೊಡುವಾಗ ಕೇಳಿಸಿಕೊಳ್ಳುವ ಕಿವಿ ಕೊಡು. ತಗೊಳ್ಳುವಾಗ ನಾಚಿಕೆಪಡದ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.